ಎಂ.ಎಸ್. ಎಂಬ ಎರಡಕ್ಷರದಲ್ಲಿ ತಾಯಿಯ ಹೆಸರಿದೆ

ಸಂಪಾದಕರಿಗೆ,

ಮಾನ್ಯರೇ,

ಎಂ.ಎಸ್. ಸುಬ್ಬುಲಕ್ಷ್ಮಿಯವರ ಜನ್ಮದಿನದ ಅಂಗವಾಗಿ ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಮೊದಲನೆಯ ಸಲ ಸಂತೋಷದಿಂದ ಓದಿದೆ. ಎರಡನೆಯ ಸಲ ಏನೋ ಕೈತಪ್ಪಿ ಹೋಗಿದೆ ಅನ್ನಿಸಿ ಕನ್ನಡಕ ಒರೆಸಿಕೊಂಡು ಓದಿದೆ. ವಿಶ್ವಸಂಸ್ಥೆಯಲ್ಲಿ ಹಾಡಿದ 1966, ಸಂಗೀತ ಕಲಾನಿಧಿ ಗೌರವ ಪಡೆದ ಮೊದಲ ಮಹಿಳೆಯಾದ 1968, ಭಾರತರತ್ನ ಬಂದ 1998, ಅವರು ನಮ್ಮನ್ನಗಲಿದ 2004 ಎಲ್ಲವೂ ಸರಿಯಾಗಿವೆ. ಹಾಗಾದರೆ ತಕರಾರು ಏನು ಎಂದು ತಾವು ಕೇಳಬಹುದು. 1916ರ ಸೆಪ್ಟೆಂಬರ್ 16ರಂದು ಮಧುರೈಯಲ್ಲಿ ಹುಟ್ಟಿದ ಈ ಹೆಣ್ಣುಮಗಳು 1938ರಲ್ಲಿ ಮೊದಲ ಸಲ ಬೆಳ್ಳಿತೆರೆಯ ಮೇಲೆ ಕಾಣಿಸಿಕೊಳ್ಳುವವರೆಗಿನ ಇಪ್ಪತ್ತೊಂದು ವರ್ಷಗಳಿಗೆ ಇಡೀ ಪುಟದಲ್ಲಿ ದಕ್ಕಿರುವುದು ಎರಡೇ ವಾಕ್ಯ. ಒಂದರಲ್ಲಿ ಅವರು ಸಂಗೀತದ ವಾತಾವರಣವಿದ್ದ ಮನೆಯಲ್ಲಿ ಹುಟ್ಟುತ್ತಾರೆ. ಇನ್ನೊಂದರಲ್ಲಿ ದೈವದತ್ತವಾದ ಕಂಠ ಅವರನ್ನು ಮದರಾಸಿಗೆ ಕರೆದುಕೊಂಡು ಬರುತ್ತದೆ. ಅಲ್ಲಿಂದ ಮುಂದೆ ಮೀರಾ, ಸುಪ್ರಭಾತ, ಪ್ರಶಸ್ತಿಗಳು, ಮೂಗಿನ ಎರಡೂ ಕಡೆಯ ವಜ್ರದ ಮೂಗುತಿ.

ಇದು ತಮ್ಮ ಲೇಖಕರೊಬ್ಬರ ಲೋಪವೆಂದು ನಾನು ಹೇಳುತ್ತಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ವೀಣೆಯನ್ನೂ ಹಾಡುಗಾರಿಕೆಯನ್ನೂ ಹೇಳಿಕೊಟ್ಟು ಈಗ ಮನೆಯಲ್ಲಿ ಕೂತಿರುವ ನಾನು, ಪ್ರತಿ ಸೆಪ್ಟೆಂಬರ್‌ನಲ್ಲಿ ಇಂಥ ಲೇಖನಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತ ಬಂದಿದ್ದೇನೆ, ಮತ್ತು ಅವುಗಳಲ್ಲಿ ಬಹುಪಾಲು ಹೀಗೇ ಇವೆ. ಕಂಠ ಆಕಾಶದಿಂದ ಇಳಿಯುತ್ತದೆ. ಅದನ್ನು ಸಾಣೆ ಹಿಡಿದ ಕೈಗಳ ಸುದ್ದಿಯೇ ಇರುವುದಿಲ್ಲ. ಆ ಕೈಗಳು ಒಬ್ಬ ತಾಯಿಯವು, ಆ ತಾಯಿ ಸ್ವತಃ ಕಚೇರಿ ನಡೆಸುತ್ತಿದ್ದ, ಗ್ರಾಮಫೋನ್ ತಟ್ಟೆಗೆ ನುಡಿಸಿದ್ದ ವೈಣಿಕೆ, ಎಂಬುದನ್ನು ಓದುಗರ ಗಮನಕ್ಕೆ ತರುವುದಕ್ಕಾಗಿಯೇ ಈ ಪತ್ರ. ಸ್ವಲ್ಪ ಉದ್ದವಾದರೆ ಕ್ಷಮೆಯಿರಲಿ.

ಹೆಸರಿನಿಂದಲೇ ಶುರು ಮಾಡುತ್ತೇನೆ. ನಮ್ಮ ಮೈಸೂರು ಕಡೆ ಒಬ್ಬರ ಹೆಸರಿನ ಮುಂದೆ ಎರಡು ಇನಿಷಿಯಲ್ ಇದ್ದರೆ ಒಂದು ಊರಿನದು, ಇನ್ನೊಂದು ಅಪ್ಪನದು ಎಂದು ಯಾರೂ ಹೇಳದೆಯೇ ತಿಳಿದುಕೊಳ್ಳುತ್ತೇವೆ. ನನ್ನ ವಿದ್ಯಾರ್ಥಿನಿಯರಿಗೆ ಎಂ.ಎಸ್. ಎಂದರೇನು ಎಂದು ಕೇಳಿದಾಗಲೆಲ್ಲ ಮೊದಲಕ್ಷರ ಮಧುರೈ ಎಂದು ಸರಿಯಾಗಿ ಹೇಳಿ, ಎರಡನೆಯದಕ್ಕೆ ಅಪ್ಪನ ಹೆಸರನ್ನು ಹುಡುಕಲು ಹೊರಡುತ್ತಿದ್ದರು. ಒಬ್ಬಳಂತೂ ಸದಾಶಿವಂ ಎಂದು ಗಂಡನ ಹೆಸರನ್ನೇ ತಂದು ಕೂರಿಸಿದ್ದಳು. ಎರಡನೆಯ ಅಕ್ಷರ ಷಣ್ಮುಖವಡಿವು. ಅದು ತಾಯಿಯ ಹೆಸರು. ದೇಶವಿಡೀ ಇಷ್ಟು ವರ್ಷ ಭಕ್ತಿಯಿಂದ ಉಚ್ಚರಿಸಿಕೊಂಡು ಬಂದಿರುವ ಆ ಎರಡಕ್ಷರದಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ, ಮತ್ತು ಆಕೆಯನ್ನು ಅಲ್ಲಿಂದ ಎಬ್ಬಿಸುವ ಮನಸ್ಸು ಮಗಳಿಗೆ ಕೊನೆಯವರೆಗೂ ಬರಲಿಲ್ಲ. ಮದುವೆಯಾದ ಮೇಲೂ, ಹಳೆಯ ಮನೆಯ ನೆರಳನ್ನು ಮರೆಸಿಬಿಡಬಹುದಾದಷ್ಟು ದೊಡ್ಡ ಹೆಸರು ಬಂದ ಮೇಲೂ ಅವರು ಎಂ.ಎಸ್. ಆಗಿಯೇ ಉಳಿದರು.

ತಾಯಿಯ ಹೆಸರು ಯಾಕೆ ಬಂತು ಎಂಬುದನ್ನು ಲೇಖನಗಳು ಮುಜುಗರದಿಂದ ದಾಟಿಬಿಡುತ್ತವೆ. ದೇವಾಲಯದ ಸೇವೆಗೂ ಸಂಗೀತ ನೃತ್ಯಗಳಿಗೂ ಸೇರಿದ, ಆಸ್ತಿಯೂ ವಿದ್ಯೆಯೂ ತಾಯಿಯಿಂದ ಮಗಳಿಗೆ ಇಳಿಯುತ್ತಿದ್ದ ಸಮುದಾಯದ ಮನೆ ಅದು. ಅಜ್ಜಿ ಅಕ್ಕಮ್ಮಾಳ್ ಪಿಟೀಲು ನುಡಿಸುತ್ತಿದ್ದರು. ತಾಯಿ ವೀಣೆ. ಅಣ್ಣ ಶಕ್ತಿವೇಲು ಮೃದಂಗ ಹಿಡಿದರೆ ತಂಗಿ ವಡಿವಾಂಬಾಳ್ ವೀಣೆ ಹಿಡಿದರು. ತಂದೆ ಎಂದು ಸಾಮಾನ್ಯವಾಗಿ ಹೇಳುವ ಸುಬ್ರಹ್ಮಣ್ಯ ಅಯ್ಯರ್ ವಕೀಲರು, ಬೇರೆಯದೇ ಆದ ಸಂಸಾರವುಳ್ಳವರು. ಈ ಚಿತ್ರ ಕನ್ನಡಿಗರಿಗೆ ಹೊಸದೇನಲ್ಲ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮನವರು ಹುಟ್ಟಿದ್ದು ನಮ್ಮ ನಂಜನಗೂಡಿನಲ್ಲಿ, 1878ರಲ್ಲಿ. ತಾಯಿ ಪುಟ್ಟಲಕ್ಷ್ಮಿ, ತಂದೆ ಸುಬ್ಬರಾಯರೆಂಬ ವಕೀಲರು. ಗಂಗೂಬಾಯಿ ಹಾನಗಲ್ಲರಿಗೆ ಮೊದಲ ಸ್ವರ ಹೇಳಿಕೊಟ್ಟದ್ದು ಕರ್ನಾಟಕ ಸಂಗೀತ ಹಾಡುತ್ತಿದ್ದ ತಾಯಿ ಅಂಬಾಬಾಯಿ. ಒಂದು ಮಧುರೈ, ಒಂದು ನಂಜನಗೂಡು, ಒಂದು ಧಾರವಾಡ; ಊರು ಬೇರೆಯಾದರೂ ಮೂರೂ ಕಡೆ ಮಗಳ ವಿದ್ಯೆಯ ಹಿಂದೆ ತಾಯಿಯೇ ನಿಂತಿದ್ದಳು. ಇದನ್ನು ಸಂಗೀತದ ವಾತಾವರಣ ಎಂದು ಕರೆದು ಕೈತೊಳೆದುಕೊಳ್ಳುವುದು, ಕಮ್ಮಾರನ ಕುಲುಮೆಯನ್ನು ಬೆಚ್ಚನೆಯ ಕೋಣೆ ಎಂದಂತೆ.

ಮೀನಾಕ್ಷಿ ದೇವಾಲಯಕ್ಕೆ ಹತ್ತಿರದ ಹನುಮಂತರಾಯನ್ ಕೋಯಿಲ್ ಬೀದಿಯ ಆ ಇಕ್ಕಟ್ಟಾದ ಮನೆಯಲ್ಲಿ ಹುಡುಗಿಯನ್ನು ಎಲ್ಲರೂ ಕುಂಜಮ್ಮ ಎಂದು ಕರೆಯುತ್ತಿದ್ದರು. ತಾವು ಮೊಟ್ಟಮೊದಲು ಸಭೆಯ ಮುಂದೆ ಹಾಡಿದ ಪ್ರಸಂಗವನ್ನು ಮುಂದೆ ಎಂ.ಎಸ್. ಅವರೇ ನಗುತ್ತ ಹೇಳಿಕೊಂಡಿದ್ದಾರೆ. ಮಣ್ಣಿನಲ್ಲಿ ಆಡುತ್ತಿದ್ದ ಮಗುವನ್ನು ಯಾರೋ ಬಂದು ಎತ್ತಿಕೊಂಡರಂತೆ. ಕೈಗೂ ಲಂಗಕ್ಕೂ ಮೆತ್ತಿದ್ದ ಮಣ್ಣನ್ನು ತೊಳೆದು ಹತ್ತಿರದ ಸೇತುಪತಿ ಶಾಲೆಗೆ ಕರೆದೊಯ್ದರಂತೆ. ಅಲ್ಲಿ ಸಣ್ಣದೊಂದು ಸಭೆಯ ಮುಂದೆ ತಾಯಿ ವೀಣೆ ನುಡಿಸುತ್ತಿದ್ದರು. ಹಾಡು ಎಂದರು, ಮಗು ಒಂದೆರಡು ಹಾಡು ಹಾಡಿತು, ಜನ ಚಪ್ಪಾಳೆ ತಟ್ಟಿದರು. ಮಗುವಿನ ಲಕ್ಷ್ಯವೆಲ್ಲ ಬಿಟ್ಟುಬಂದ ಮಣ್ಣಿನಾಟದ ಮೇಲೆಯೇ ಇತ್ತು. (ಸುಬ್ರಹ್ಮಣ್ಯ ಭಾರತಿಯವರು 1904ರಲ್ಲಿ ಕೆಲವು ತಿಂಗಳು ತಮಿಳು ಪಾಠ ಹೇಳಿದ್ದ ಶಾಲೆಯೂ ಇದೇ. ಆ ಜಗಲಿಗೆ ಒಳ್ಳೆಯ ಕಿವಿ ಇದ್ದಿರಬೇಕು.)

ಈ ಪ್ರಸಂಗವನ್ನು ಬಾಲಪ್ರತಿಭೆಯ ಪವಾಡವೆಂದು ಬರೆಯುವವರು ಒಂದು ಸಣ್ಣ ಸಂಗತಿಯನ್ನು ಮರೆಯುತ್ತಾರೆ. ಏನೂ ಸಿದ್ಧತೆಯಿಲ್ಲದೆ ಮಣ್ಣಿನಿಂದ ಎದ್ದು ಬಂದು, ವೀಣೆಯ ಶ್ರುತಿಗೆ ತಕ್ಷಣ ಕೂತು ಹಾಡಬಲ್ಲ ಮಗು, ಆ ಶ್ರುತಿಯನ್ನು ಮನೆಯಲ್ಲಿ ಎದ್ದರೆ ಕೂತರೆ ಕೇಳಿಸಿಕೊಂಡಿರಲೇಬೇಕು. ತಾಯಿ ದುಡಿಯುವ ಜಾಗಕ್ಕೆ ಮಗುವನ್ನು ಎತ್ತಿಕೊಂಡು ಬಂದದ್ದು ಅದು. ಹೊಲದಲ್ಲಿ ಕಳೆ ಕೀಳುವ ತಾಯಿಯ ಪಕ್ಕದಲ್ಲಿ ಕೂಸು ಕುಡುಗೋಲು ಹಿಡಿಯುವುದನ್ನು ಕಲಿಯುವಂತೆ ಈ ಕೂಸು ಕಚೇರಿಯನ್ನು ಕಲಿಯಿತು.

ಶಾಲೆಯ ಓದು ಹೆಚ್ಚು ದಿನ ನಡೆಯಲಿಲ್ಲ. ಉಪಾಧ್ಯಾಯರೊಬ್ಬರ ಹೊಡೆತ ತಿಂದು ಹುಡುಗಿ ಕಾಯಿಲೆ ಬಿದ್ದಳು, ಶಾಲೆ ಅಲ್ಲಿಗೆ ನಿಂತಿತು. ಮುಂದೆ ಸಂಸ್ಕೃತ, ತೆಲುಗು, ಹಿಂದಿ, ಬಂಗಾಳಿ ಎನ್ನದೆ ಹತ್ತಾರು ಭಾಷೆಗಳಲ್ಲಿ, ನಮ್ಮ ಪುರಂದರದಾಸರ ಪದಗಳಲ್ಲಿಯೂ, ಒಂದು ಒತ್ತಕ್ಷರ ತಪ್ಪದಂತೆ ಹಾಡಿದ ವಿದುಷಿಯ ಶಾಲಾ ಶಿಕ್ಷಣ ಇಷ್ಟೇ. ಆದರೆ ಓದು ನಿಂತಿತು ಎಂದರೆ ಕಲಿಕೆ ನಿಂತಿತು ಎಂದಲ್ಲ. ಮಧುರೈ ಶ್ರೀನಿವಾಸ ಅಯ್ಯಂಗಾರ್ಯರಲ್ಲಿ ಕ್ರಮವಾದ ಪಾಠ ಆರಂಭವಾಯಿತು. ಅವರು ತೀರಿಕೊಂಡದ್ದರಿಂದ ಅದು ಬಹುಕಾಲ ಮುಂದುವರಿಯಲಿಲ್ಲ. ಉಳಿದ ಹೊತ್ತೆಲ್ಲ ಸಾಧನೆ. ತಾಯಿ, ಮನೆಗೆ ಬಂದ ವಿದ್ವಾಂಸರ ಮುಂದೆ ಮಗಳನ್ನು ಕೂರಿಸಿ ಹಾಡಿಸುತ್ತಿದ್ದರು. ಆ ಮನೆಯ ಪಡಸಾಲೆಗೆ ವೈಣಿಕರಾದ ಕಾರೈಕುಡಿ ಸಹೋದರರು, ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ಮೊದಲಾದ ದೊಡ್ಡವರು ಬರುತ್ತಿದ್ದರು ಎಂಬುದನ್ನು ನೆನಪಿಟ್ಟುಕೊಂಡರೆ, ಬೀದಿಯ ಇಕ್ಕಟ್ಟು ವಿದ್ಯೆಗೆ ಇಕ್ಕಟ್ಟಾಗಿರಲಿಲ್ಲ ಎಂಬುದು ತಿಳಿಯುತ್ತದೆ.

ಆ ಸಾಧನೆಯ ಒಂದು ವಿವರವನ್ನು ಇಲ್ಲಿ ಬರೆಯದಿರಲಾರೆ, ಏಕೆಂದರೆ ಅದನ್ನು ನಾನು ನನ್ನ ಪಾಠದ ಕೋಣೆಯಲ್ಲಿ ಪರೀಕ್ಷೆ ಮಾಡಿ ನೋಡಿದ್ದೇನೆ. ಬಾಲಕಿ ಕುಂಜಮ್ಮ ತಂಬೂರಿಯನ್ನು ಚೆನ್ನಾಗಿ ಶ್ರುತಿ ಮಾಡಿಕೊಂಡು ಹಾಡಲು ಶುರು ಮಾಡುವಳು. ಸ್ವಲ್ಪ ಹೊತ್ತಾದ ಮೇಲೆ ತಂಬೂರಿ ಮೀಟುವುದನ್ನು ನಿಲ್ಲಿಸಿ ಹಾಡನ್ನು ಮಾತ್ರ ಮುಂದುವರಿಸುವಳು. ಹಾಡು ಎಲ್ಲೋ ದೂರ ಹೋಗಿರುವಾಗ ಮತ್ತೆ ತಂತಿ ಮೀಟಿ, ತಾನು ಅದೇ ಷಡ್ಜದಲ್ಲಿ ಇದ್ದೇನೆಯೇ, ಜಾರಿದ್ದೇನೆಯೇ ಎಂದು ನೋಡಿಕೊಳ್ಳುವಳು. ಓದಿದಾಗ ಆಟದಂತೆ ಕಾಣಿಸುತ್ತದೆ. ಒಂದು ದಿನ ಜೂನಿಯರ್ ಪರೀಕ್ಷೆಗೆ ಕೂರಲಿದ್ದ ಐದು ಹುಡುಗಿಯರನ್ನು ಕೂರಿಸಿಕೊಂಡು, ಬಿರಡೆ ತಿರುಗಿಸಿ, ಮಣಿ ಸರಿಸಿ, ಜೀವಾಳದ ದಾರ ಕೂರಿಸಿ, ತಂಬೂರಿ ಗುಂಯ್ ಎನ್ನುವಂತೆ ಮಾಡಿದ ಮೇಲೆ ಒಬ್ಬೊಬ್ಬರಿಂದಲೂ ಇದೇ ಕೆಲಸ ಮಾಡಿಸಿದೆ. ಎರಡು ಆವರ್ತ ಮುಗಿಯುವುದರೊಳಗೆ ಮೂವರು ಇಳಿದಿದ್ದರು, ಒಬ್ಬಳು ಉತ್ಸಾಹದಲ್ಲಿ ಏರಿದ್ದಳು. ಐದನೆಯವಳು ಉಳಿದಳು, ಅವಳಿಗೂ ಚರಣದಲ್ಲಿ ಕಾಲು ಜಾರಿತು. ಅವರಿಗೆ ಮಾಡಿ ತೋರಿಸಲು ಹೋದ ನನ್ನ ಗತಿ ಏನಾಯಿತು ಎಂಬುದನ್ನು ಪತ್ರಿಕೆಯಲ್ಲಿ ಬರೆಯುವ ಅಗತ್ಯವಿಲ್ಲ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬೆಳಗಿನಿಂದ ಸಂಜೆಯವರೆಗೆ ತಾನೇ ಹಾಡುತ್ತ ಕೂರುವ ಈ ಕಾಲದಲ್ಲಿ, ಶ್ರುತಿಯನ್ನು ಹೊರಗಿನಿಂದ ತೆಗೆದು ಒಳಗೆ ಇಟ್ಟುಕೊಳ್ಳುವ ಆ ಅಭ್ಯಾಸ ಎಷ್ಟು ಕಠಿಣವಾದದ್ದು, ಅದನ್ನು ಮಾಡಿಕೊಂಡವಳಿಗೆ ಆಗಿನ್ನೂ ಹತ್ತು ವರ್ಷದ ಆಸುಪಾಸಿನ ವಯಸ್ಸು ಎಂಬುದು ಅಂದು ನಮಗೆಲ್ಲ ಸ್ವಲ್ಪ ತಿಳಿಯಿತು. ದೈವದತ್ತ ಎಂಬ ಪದ ನನಗೆ ಆಗಿನಿಂದಲೇ ಹಿಡಿಸದಾಯಿತು.

ವೀಣೆಯ ಮನೆಯಲ್ಲಿ ಬೆಳೆದದ್ದರಿಂದ ಆ ಕಂಠಕ್ಕೆ ಏನು ದಕ್ಕಿತು ಎಂಬುದರ ಬಗ್ಗೆ ನನ್ನದೇ ಒಂದು ಅಭಿಪ್ರಾಯವಿದೆ, ಒಪ್ಪದವರು ಬಿಡಬಹುದು. ವೀಣೆಯಲ್ಲಿ ಒಂದು ಮೀಟಿಗೆ ಹುಟ್ಟಿದ ನಾದ ತಾನಾಗಿ ಕರಗುತ್ತ ಹೋಗುತ್ತದೆ. ಅದು ಪೂರ್ತಿ ಕರಗುವುದರೊಳಗೆ ತಂತಿಯನ್ನು ಎಳೆದು ಗಮಕ ಮುಗಿಸಬೇಕು. ಹೀಗಾಗಿ ವೈಣಿಕರಿಗೆ ಅನಾವಶ್ಯಕವಾಗಿ ಸ್ವರ ಅಲ್ಲಾಡಿಸುವ ಐಷಾರಾಮ ಇರುವುದಿಲ್ಲ. ಎಂ.ಎಸ್. ಅವರ ಹಾಡಿಕೆಯಲ್ಲಿ ಒಂದು ಸ್ವರವನ್ನು ನೇರವಾಗಿ ಬಂದು ಮುಟ್ಟುವ, ಮುಟ್ಟಿದ ಮೇಲೆ ಅದನ್ನು ಕದಲಿಸದೆ ನಿಲ್ಲಿಸಿಕೊಳ್ಳುವ ಆ ನಿಚ್ಚಳತೆ ತಾಯಿಯ ಬೆರಳಿನಿಂದ ಮಗಳ ಗಂಟಲಿಗೆ ಇಳಿದದ್ದು ಎಂದೇ ನನಗೆ ತೋರುತ್ತದೆ.

ಹತ್ತನೆಯ ವಯಸ್ಸಿನಲ್ಲಿ, 1926ರಲ್ಲಿ, ಮೊದಲ ಗ್ರಾಮಫೋನ್ ತಟ್ಟೆ ಬಂತು. ಹಾಡಿದ್ದು ಮಗಳು, ಜೊತೆಗೆ ವೀಣೆ ನುಡಿಸಿದ್ದು ತಾಯಿ. ಅದಕ್ಕೂ ಮುಂಚೆ ಈ ಹುಡುಗಿ ಗ್ರಾಮಫೋನನ್ನು ಅಣಕಿಸುತ್ತಲೇ ಬೆಳೆದಿದ್ದಳು: ಕಾಗದವನ್ನು ಕೊಳವೆಯಂತೆ ಸುತ್ತಿ ಬಾಯಿಗೆ ಹಿಡಿದುಕೊಂಡು, ಅದೇ ತನ್ನ ಗ್ರಾಮಫೋನಿನ ಕಹಳೆ ಎಂದುಕೊಂಡು ಗಂಟೆಗಟ್ಟಲೆ ಹಾಡುತ್ತಿದ್ದುದನ್ನು ಅವರೇ ನೆನಪಿಸಿಕೊಂಡಿದ್ದಾರೆ. ಈ ಕಾಗದದ ಕಹಳೆಯನ್ನು ಮುದ್ದಾದ ಬಾಲಲೀಲೆ ಎಂದು ಓದಿ ಮುಂದಕ್ಕೆ ಹೋಗಬಾರದು. ದಕ್ಷಿಣದಲ್ಲಿ ಗ್ರಾಮಫೋನ್ ಕಂಪನಿಗಳು ಬಂದಾಗ ಧೈರ್ಯವಾಗಿ ಮುಂದೆ ಬಂದು ಹಾಡಿದವರಲ್ಲಿ ದೊಡ್ಡ ಪಾಲು ಇಂಥ ಮನೆಗಳ ಹೆಣ್ಣುಮಕ್ಕಳದು. ಗೌರವಸ್ಥ ಮನೆಗಳ ಹೆಂಗಸರು ಹೊರಗೆ ಹಾಡುವುದೇ ಇರಲಿಲ್ಲ. ಗಂಡಸರಲ್ಲಿ ಎಷ್ಟೋ ವಿದ್ವಾಂಸರು ಯಂತ್ರದ ಮುಂದೆ ಹಾಡುವುದಕ್ಕೆ ಹಿಂಜರಿದರು. ಮೂರು ಚಿಲ್ಲರೆ ನಿಮಿಷದಲ್ಲಿ ಒಂದು ರಾಗದ ರೂಪು ತೋರಿಸಿ ಕೃತಿಯನ್ನೂ ಮುಗಿಸಬೇಕಾದ ಆ ತಟ್ಟೆ ಬೇರೆಯದೇ ಶಿಸ್ತನ್ನು ಬೇಡುತ್ತಿತ್ತು. ಆ ಶಿಸ್ತಿಗೆ ಹತ್ತನೆಯ ವಯಸ್ಸಿನಲ್ಲೇ ಒಗ್ಗಿಕೊಂಡ ಹುಡುಗಿ ಮುಂದೆ ಸಿನಿಮಾದ ಮೈಕಿನ ಮುಂದೆ ತಬ್ಬಿಬ್ಬಾಗಲಿಲ್ಲ ಎಂಬುದರಲ್ಲಿ ಆಶ್ಚರ್ಯಪಡಬೇಕಾದದ್ದೇನೂ ಇಲ್ಲ.

ಈಗ 1927ಕ್ಕೆ ಬರುತ್ತೇನೆ. ಮೈಸೂರಿನವರಾದ ನಮಗೆ ಈ ವರ್ಷ ಗೊತ್ತಿರಬೇಕಾಗಿತ್ತು, ತಮ್ಮ ಲೇಖನದಲ್ಲಿ ಇದರ ಸುಳಿವೂ ಇಲ್ಲದಿರುವುದು ನನ್ನನ್ನು ಈ ಪತ್ರ ಬರೆಯಲು ಕೂರಿಸಿದ ಕಾರಣಗಳಲ್ಲೊಂದು. ತಿರುಚಿರಾಪಳ್ಳಿಯ ಬೆಟ್ಟದ ಕೋಟೆಯ ದೇವಾಲಯದಲ್ಲಿ, ನೂರು ಕಂಬದ ಮಂಟಪದಲ್ಲಿ, ಹನ್ನೊಂದರ ಹುಡುಗಿಯ ಮೊದಲ ಸಾರ್ವಜನಿಕ ಕಚೇರಿ ನಡೆಯಿತು. ಏರ್ಪಡಿಸಿದವರು ಎಫ್.ಜಿ. ನಟೇಶ ಅಯ್ಯರ್. ಮೃದಂಗಕ್ಕೆ ದಕ್ಷಿಣಾಮೂರ್ತಿ ಪಿಳ್ಳೆ. ಪಿಟೀಲಿಗೆ ಕೂತವರು ನಮ್ಮ ಮೈಸೂರು ಟಿ. ಚೌಡಯ್ಯನವರು. ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಕೈಕೆಳಗೆ ಪಳಗಿ, ಏಳು ತಂತಿಯ ಪಿಟೀಲಿಗೆ ಹೆಸರಾದ ಚೌಡಯ್ಯನವರು ಆಗ ಮೂವತ್ತು ದಾಟಿದ್ದ ಪ್ರೌಢ ವಿದ್ವಾಂಸರು. ಪಿಳ್ಳೆಯವರಂತೂ ಲಯದಲ್ಲಿ ದೊಡ್ಡ ದೊಡ್ಡವರು ಅಂಜುತ್ತಿದ್ದ ಹೆಸರು. ಹೆಂಗಸರ ಕಚೇರಿಗೆ ಪಕ್ಕವಾದ್ಯ ನುಡಿಸುವುದಕ್ಕೆ ಗಂಡಸರು ಒಪ್ಪದೆ ಮುಖ ತಿರುಗಿಸುತ್ತಿದ್ದ ಕಾಲದಲ್ಲಿ, ಇಂಥ ಇಬ್ಬರು ಒಬ್ಬ ಸಣ್ಣ ಹುಡುಗಿಯ ಎಡಕ್ಕೂ ಬಲಕ್ಕೂ ಬಂದು ಕೂತರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನದ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವ ನಮ್ಮ ಮಕ್ಕಳಿಗೆ ಈ ಒಂದು ಸಂಗತಿ ಹೇಳಿಕೊಡಲು ಎಷ್ಟು ಹೊತ್ತು ಬೇಕು?

ಅದೇ 1927ರಲ್ಲಿ ಮದರಾಸಿನ ಶಾಸನಸಭೆಯಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು, ಹೆಣ್ಣುಮಕ್ಕಳನ್ನು ದೇವಾಲಯಕ್ಕೆ ಅರ್ಪಿಸುವ ಪದ್ಧತಿಯನ್ನು ನಿಲ್ಲಿಸಬೇಕೆಂದು ನಿರ್ಣಯ ಮಂಡಿಸಿದರು. ಮೈಸೂರು ಸಂಸ್ಥಾನ ತನ್ನ ಮುಜರಾಯಿ ದೇವಸ್ಥಾನಗಳಲ್ಲಿ ಆ ಸೇವೆಯನ್ನು 1909ರಲ್ಲೇ ಕೈಬಿಟ್ಟಿತ್ತು. ಮದರಾಸಿನಲ್ಲಿ ಕಾನೂನು ಪೂರ್ಣರೂಪದಲ್ಲಿ ಬರಲು 1947 ಆಗಬೇಕಾಯಿತು. ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಎರಡು ದಶಕಗಳಲ್ಲಿ ಆ ಮನೆಗಳ ಹೆಂಗಸರ ಪರಿಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಹಳೆಯ ಆಶ್ರಯ ತಪ್ಪುತ್ತಿದೆ, ಊರಿನ ಗೌರವಸ್ಥರು ಹಾಡನ್ನು ಬಯಸುತ್ತಾರೆ, ಹಾಡುವವಳನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಗಂಡನ ಸಂಪಾದನೆ ಎಂಬುದು ಇಲ್ಲ. ಇರುವ ಬಂಡವಾಳ ವಿದ್ಯೆಯೊಂದೇ, ಅದನ್ನು ಮುಂದಕ್ಕೆ ಸಾಗಿಸಬೇಕಾದವಳು ಮಗಳು.

ಷಣ್ಮುಖವಡಿವು ಅವರನ್ನು ಕುರಿತು ಬರೆಯುವವರು ಎರಡು ರೀತಿಯಲ್ಲಿ ಅನ್ಯಾಯ ಮಾಡುತ್ತಾರೆ. ಒಂದು, ಬರೆಯದೇ ಇರುವುದು. ಇನ್ನೊಂದು, ಬರೆದರೆ ಮಗಳ ಸಂಪಾದನೆಗೆ ಆಸೆಪಟ್ಟ, ಆಕೆಯನ್ನು ಸಿರಿವಂತನೊಬ್ಬನ ಆಶ್ರಯಕ್ಕೆ ಒಪ್ಪಿಸಲು ಹೊರಟ ಕಠಿಣ ಹೆಂಗಸು ಎಂದು ಚಿತ್ರಿಸುವುದು. ಎರಡನೆಯದರಲ್ಲಿ ಸತ್ಯವಿಲ್ಲವೆಂದಲ್ಲ. ತಾಯಿ ಆರಿಸಿದ ಬದುಕು ಬೇಡವೆಂದೇ ಮಗಳು ಇಪ್ಪತ್ತನೆಯ ವಯಸ್ಸಿನ ಸುಮಾರಿಗೆ, 1936ರಲ್ಲಿ, ಮಧುರೈ ಬಿಟ್ಟು ಮದರಾಸಿಗೆ ಹೊರಟುಹೋದದ್ದು. ತನಗೆ ಮದುವೆ ಬೇಕು, ಮರ್ಯಾದೆಯ ಸಂಸಾರ ಬೇಕು ಎಂದು ಆ ಹುಡುಗಿ ತೋರಿಸಿದ ದಿಟ್ಟತನ ಸಣ್ಣದಲ್ಲ. ನಾವು ನೋಡಿದ ಆ ಮೆಲುದನಿಯ, ತಲೆ ತಗ್ಗಿಸಿದ ಹಿರಿಯ ಹೆಂಗಸಿನ ಒಳಗೆ ಆ ಹುಡುಗಿ ಇದ್ದಳು. ಆದರೂ ತಾಯಿಯನ್ನು ತೂಗುವಾಗ ಆಕೆಯ ಕಾಲದ ತಕ್ಕಡಿಯಲ್ಲಿಯೇ ತೂಗಬೇಕು. ತನಗೆ ಗೊತ್ತಿದ್ದ ಭದ್ರತೆ ಯಾವುದೋ ಅದನ್ನೇ ಮಗಳಿಗೂ ಹುಡುಕಿದವಳು ಆಕೆ. ಅದು ತಪ್ಪಾಗಿತ್ತು, ಮಗಳು ಒಪ್ಪಲಿಲ್ಲ, ಮುರಿದುಕೊಂಡು ಹೋದಳು. ಮಗನ ಬಿ.ಎ. ಮುಗಿಯುವ ಮುಂಚೆಯೇ ವರದಕ್ಷಿಣೆಯ ಲೆಕ್ಕ ಹಾಕುತ್ತಿದ್ದ ಅಪ್ಪಂದಿರನ್ನು ಯಾವ ಲೇಖಕರೂ ಕಠಿಣ ಗಂಡಸರು ಎಂದು ಬರೆದದ್ದನ್ನು ನಾನು ಓದಿಲ್ಲ.

ಸಿನಿಮಾದ ಬಗ್ಗೆ ಒಂದು ಮಾತು. ತಮ್ಮ ಲೇಖನ ಓದಿದವರಿಗೆ ಸಿನಿಮಾ ಎಂ.ಎಸ್. ಅವರನ್ನು ಗಾಯಕಿಯನ್ನಾಗಿ ಮಾಡಿತು ಎಂಬ ಭಾವನೆ ಬರುತ್ತದೆ. ಕೆ. ಸುಬ್ರಹ್ಮಣ್ಯಂ ನಿರ್ದೇಶನದ ಸೇವಾಸದನಂ ತೆರೆಗೆ ಬಂದದ್ದು 1938ರಲ್ಲಿ. ಅಷ್ಟರಲ್ಲಿ ಅವರ ಮೊದಲ ತಟ್ಟೆಗೆ ಹನ್ನೆರಡು ವರ್ಷ, ಮೊದಲ ಕಚೇರಿಗೆ ಹನ್ನೊಂದು ವರ್ಷ ತುಂಬುತ್ತ ಬಂದಿತ್ತು. 1933ರಲ್ಲಿ ಕುಂಭಕೋಣದ ಮಹಾಮಖ ಉತ್ಸವದ ಜನಸಾಗರದ ಮುಂದೆ ಹಾಡಿಯಾಗಿತ್ತು, ಇಪ್ಪತ್ತು ತುಂಬುವುದರೊಳಗೇ ಮದರಾಸಿನ ಸಂಗೀತ ಅಕಾಡೆಮಿಯ ವೇದಿಕೆ ಏರಿಯಾಗಿತ್ತು. ಹೆಸರಿದ್ದ ಗಾಯಕಿಯನ್ನು ಸಿನಿಮಾದವರು ಕರೆದರು, ಅಷ್ಟೇ. ಆ ಕಾಲದ ಟಾಕಿಗಳಲ್ಲಿ ನಟಿಸುವವರೇ ಹಾಡಬೇಕಾಗಿದ್ದುದರಿಂದ, ಹಾಡಲು ಬಾರದ ಸುಂದರಿಗಿಂತ ಹಾಡಬಲ್ಲ ಹುಡುಗಿ ನಿರ್ಮಾಪಕರಿಗೆ ಹೆಚ್ಚು ಬೇಕಾಗಿದ್ದಳು.

ಆ ಮೊದಲ ಚಿತ್ರದ ಕಥೆಯನ್ನು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಪ್ರೇಮಚಂದರ ಕಾದಂಬರಿಯನ್ನು ಆಧರಿಸಿದ ಚಿತ್ರ ಅದು. ಮೂಲ ಕಾದಂಬರಿಯಲ್ಲಿ ಗಂಡನ ಮನೆಯಿಂದ ಹೊರದೂಡಿಸಿಕೊಂಡ ಹೆಣ್ಣೊಬ್ಬಳು ಸೂಳೆಗೇರಿಗೆ ಸೇರಿ, ಅಲ್ಲಿಂದ ಹೊರಬಂದು, ಕೊನೆಗೆ ಅಂಥ ಮನೆಗಳ ಹೆಣ್ಣುಮಕ್ಕಳನ್ನು ಸಾಕುವ ಆಶ್ರಮದಲ್ಲಿ ನೆಲೆಯಾಗುತ್ತಾಳೆ. ಹನುಮಂತರಾಯನ್ ಕೋಯಿಲ್ ಬೀದಿಯಿಂದ ಹೊರಟು ಎರಡು ವರ್ಷವೂ ಸರಿಯಾಗಿ ಆಗಿರದ ಹುಡುಗಿ ಆ ಪಾತ್ರವನ್ನು ವಹಿಸಿದಳು. ಮುದುಕ ಗಂಡನ ಪಾತ್ರದಲ್ಲಿ ನಟಿಸಿದವರು ಯಾರೆಂದುಕೊಂಡಿರಿ? ಹನ್ನೊಂದು ವರ್ಷದ ಹಿಂದೆ ತಿರುಚಿಯ ನೂರು ಕಂಬದ ಮಂಟಪದಲ್ಲಿ ಆಕೆಯ ಕಚೇರಿ ಏರ್ಪಡಿಸಿದ್ದ ಅದೇ ನಟೇಶ ಅಯ್ಯರ್. ಇಂಥದನ್ನು ಕಥೆಗಾರರು ಬರೆದಿದ್ದರೆ ಅತಿಯಾಯಿತು ಎಂದು ತಾವೇ ಹಿಂದಿರುಗಿಸುತ್ತಿದ್ದಿರಿ.

ಉಳಿದ ಚಿತ್ರಗಳು ಮೂರೇ, ಮತ್ತು ಅವು ತಾರೆಯಾದ ಮೇಲಿನವು: 1940ರಲ್ಲಿ ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರೊಡನೆ ಶಾಕುಂತಲೆ, 1941ರಲ್ಲಿ ಸಾವಿತ್ರಿ, 1945ರಲ್ಲಿ ತಮಿಳಿನ ಮೀರಾ, ಎರಡು ವರ್ಷದ ನಂತರ ಅದರ ಹಿಂದಿ ರೂಪ. ಸಾವಿತ್ರಿಯಲ್ಲಿ ಅವರು ಗಂಡುವೇಷ ಹಾಕಿ ನಾರದನಾದರು. ಆ ದುಡ್ಡು ಸದಾಶಿವಂ ಮತ್ತು ಕಲ್ಕಿ ಕೃಷ್ಣಮೂರ್ತಿಯವರ ಪತ್ರಿಕೆಯ ಬಂಡವಾಳಕ್ಕೆ ಒದಗಿತು. ಸಾವಿತ್ರಿಯನ್ನು ನಿರ್ದೇಶಿಸಿದ ವೈ.ವಿ. ರಾವ್ ಅವರೇ 1934ರಲ್ಲಿ ತೆರೆಕಂಡ ಮೊದಲ ಕನ್ನಡ ಟಾಕಿ ಸತಿ ಸುಲೋಚನಾದ ನಿರ್ದೇಶಕರು ಎಂಬುದನ್ನು ಕನ್ನಡ ಪತ್ರಿಕೆಯಾದರೂ ಜ್ಞಾಪಿಸಬೇಕಿತ್ತು. ಇದು ದಾರಿ ಬಿಟ್ಟ ಮಾತಾಯಿತು, ಇರಲಿ.

ಇನ್ನೊಂದು ಚಿತ್ರದ ವಿಷಯ ಹೇಳಿ ಮುಗಿಸುತ್ತೇನೆ. 1937ರ ಸುಮಾರಿನಲ್ಲಿ ತೆಗೆದ ಒಂದು ಛಾಯಾಚಿತ್ರವಿದೆ. ಎಂ.ಎಸ್. ಮತ್ತು ನೃತ್ಯಗಾರ್ತಿ ಬಾಲಸರಸ್ವತಿ, ಇಬ್ಬರೂ ಇಪ್ಪತ್ತರ ಹುಡುಗಿಯರು, ಇಬ್ಬರೂ ಇಂಥ ತಾಯಿಮನೆಗಳಿಂದ ಬಂದವರು, ಪಾಯಿಜಾಮದಂಥ ಉಡುಪು ತೊಟ್ಟು, ಕೈಯಲ್ಲಿ ಸಿಗರೇಟು ಹಿಡಿದು, ತುಂಟತನದಿಂದ ಕ್ಯಾಮೆರಾಗೆ ಪೋಸು ಕೊಟ್ಟಿದ್ದಾರೆ. ಅದನ್ನು ಮೊದಲು ನೋಡಿದಾಗ ನನ್ನ ಅತ್ತೆ, ದೇವರ ಮನೆಯಲ್ಲಿ ಎಂ.ಎಸ್. ಅವರ ಕ್ಯಾಲೆಂಡರ್ ಚಿತ್ರ ಇಟ್ಟುಕೊಂಡಿದ್ದವರು, ಇದು ಯಾರೋ ಬೇರೆಯವರು ಎಂದು ಪಟ್ಟು ಹಿಡಿದರು. ಬೇರೆಯವರಲ್ಲ, ಅವರೇ ಎಂದು ಒಪ್ಪಿಸುವಷ್ಟರಲ್ಲಿ ಕಾಫಿ ಆರಿಹೋಯಿತು. ಕೊನೆಗೆ ಅವರು ಚಿತ್ರವನ್ನು ಹತ್ತಿರ ಹಿಡಿದು ನೋಡಿ, “ಪಾಪ, ಆ ವಯಸ್ಸಿನಲ್ಲಿ ಇಷ್ಟು ಆದರೂ ನಕ್ಕಳಲ್ಲ” ಎಂದರು. ನನಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಈವರೆಗೆ ಸಿಕ್ಕಿಲ್ಲ.

ಕಡೆಯದಾಗಿ, ತಮ್ಮ ಪುರವಣಿಯ ಪುಟದ ಕೆಳಭಾಗದಲ್ಲಿ ಅಂಗೈಯಗಲದ ಹಳೆಯ ಚಿತ್ರವೊಂದು ಅಚ್ಚಾಗಿದೆ. ಜರಿ ಸೀರೆಯುಟ್ಟ ಒಬ್ಬ ಹೆಂಗಸು ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ, ಪಕ್ಕದಲ್ಲಿ ಒಬ್ಬ ಹುಡುಗಿ. ಅದರ ಕೆಳಗೆ “ತಾಯಿಯೊಂದಿಗೆ ಬಾಲಕಿ ಎಂ.ಎಸ್.” ಎಂದಿದೆ. ಹುಡುಗಿಗೆ ಹೆಸರಿದೆ, ವೀಣೆ ಹಿಡಿದವರಿಗೆ ಇಲ್ಲ. ಮುಂದಿನ ವಾರದ ತಿದ್ದುಪಡಿಯ ಅಂಕಣದಲ್ಲಿ ಆ ಅಡಿಬರಹವನ್ನು ಹೀಗೆ ಬದಲಿಸಿ ಪ್ರಕಟಿಸಬೇಕಾಗಿ ವಿನಂತಿ: “ವೈಣಿಕೆ ಮಧುರೈ ಷಣ್ಮುಖವಡಿವು, ಜೊತೆಯಲ್ಲಿ ಅವರ ಮಗಳು ಮತ್ತು ಶಿಷ್ಯೆ ಸುಬ್ಬುಲಕ್ಷ್ಮಿ.”

ಇಂತಿ ತಮ್ಮ ವಿಶ್ವಾಸಿ,

ಒಬ್ಬ ನಿವೃತ್ತ ಸಂಗೀತ ಶಿಕ್ಷಕಿ
ಮೈಸೂರು